ಏಳು ಊರಿಗೆ ಬರೆದ ಕಾಗದ

ಸತ್ಯವೇದದ, ಅಂದರೆ ಬೈಬಲಿನ, ಕೊನೆಯ ಪುಸ್ತಕವಾದ ಪ್ರಕಟನೆಯನ್ನು ಓದಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಅವರ ಮುಂದೆ ಒಂದು ನಕ್ಷೆ ಹರಡುತ್ತೇನೆ. ಈಗಿನ ಟರ್ಕಿಯ ಪಶ್ಚಿಮ ಭಾಗದ ನಕ್ಷೆ ಅದು. ಕಡಲ ಕಡೆಗೆ ಎಫೆಸ. ಅಲ್ಲಿಂದ ಉತ್ತರಕ್ಕೆ ಸ್ಮುರ್ನ, ಇನ್ನೂ ಮೇಲೆ ಪೆರ್ಗಮ. ಆಮೇಲೆ ದಾರಿ ಒಳನಾಡಿಗೆ ತಿರುಗಿ ಥುವತೈರ, ಸಾರ್ದಿಸ್, ಫಿಲದೆಲ್ಫಿಯ ದಾಟಿ ಲವೊದಿಕೀಯ ಸೇರುತ್ತದೆ. ಪುಸ್ತಕದ ಮೊದಲ ಅಧ್ಯಾಯದಲ್ಲಿ ಈ ಏಳು ಊರುಗಳ ಹೆಸರು ಇದೇ ಕ್ರಮದಲ್ಲಿ ಬರುತ್ತವೆ. ಕಾಗದ ಹೊತ್ತವನೊಬ್ಬ ಎಫೆಸದಿಂದ ಹೊರಟರೆ ಹಿಡಿಯುವ ದಾರಿ ಅದು. ಪ್ರತಿ ಊರಲ್ಲೂ ಕ್ರೈಸ್ತರ ಸಭೆ ಸೇರುತ್ತದೆ, ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೂತು ಕೇಳುತ್ತಾರೆ. ಮೊದಲ ಅಧ್ಯಾಯದ ಮೂರನೇ ವಚನವೇ ಹಾಗೆ ಹೇಳುತ್ತದೆ: ಓದುವವನೂ ಧನ್ಯ, ಕೇಳುವವರೂ ಧನ್ಯರು. ಓದುವವನು ಒಬ್ಬ, ಕೇಳುವವರು ಹಲವರು.

ಅಂದರೆ ಇದು ವಿಳಾಸ ಇರುವ ಬರಹ. ಸತ್ಯವೇದದ ಕೊನೆಯಲ್ಲಿ ಕೂತಿರುವ ಈ 22 ಅಧ್ಯಾಯಗಳನ್ನು ಓದುವಾಗ ನಾವು ಮೊದಲು ಮರೆಯುವುದು ಆ ವಿಳಾಸವನ್ನೇ.

ಜಾಸ್ತಿ ಜನ ಶುರು ಮಾಡುವುದು 13ನೇ ಅಧ್ಯಾಯದಿಂದ. ದೇವರಿಗೆ ಎದುರು ನಿಲ್ಲುವ ಮೃಗ, ಜನರ ಬಲಗೈಗೋ ಹಣೆಗೋ ಹಾಕುವ ಅದರ ಗುರುತು, ಅದರ ಹೆಸರಿನ ಸಂಖ್ಯೆ 666. ನಮ್ಮ ಅಧ್ಯಯನದ ಗುಂಪಿನಲ್ಲಿ ವಯಸ್ಸಾದ ಒಬ್ಬ ಅಮ್ಮ ಇದ್ದಾರೆ. ಆಧಾರ್ ಕಾರ್ಡ್ ಬಂದ ಕಾಲದಲ್ಲಿ ಅವರು ಅಂಜುತ್ತಲೇ ಕೇಳಿದ್ದರು, "ಅಣ್ಣಾ, ಬೆರಳಚ್ಚು ಕೊಟ್ಟುಬಿಟ್ಟೆ. ಇದೇ ಆ ಗುರುತಾ?" ಕೊರೊನಾ ಬಂದಾಗ ಅದೇ ಪ್ರಶ್ನೆ ಲಸಿಕೆಯ ಬಗ್ಗೆ ಎದ್ದಿತು. ವಾಟ್ಸಾಪಿನಲ್ಲಿ ಬಂದ ವಿಡಿಯೋ ನೋಡಿ ಅವರು ರಾತ್ರಿ ನಿದ್ದೆಗೆಟ್ಟಿದ್ದರು. ಇಂಥ ಭಯವನ್ನು ತಮಾಷೆ ಮಾಡಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ದೇವರಿಗೆ ದ್ರೋಹ ಮಾಡಿಬಿಟ್ಟೆನೇನೋ ಎಂಬ ಸಂಕಟ ಅದು. ಆದರೆ ನಿಷ್ಠೆ ಉಳಿಸಿಕೊಳ್ಳಲು ಒದ್ದಾಡುತ್ತಿದ್ದ ಜನರಿಗೆ ಧೈರ್ಯ ಹೇಳಲು ಬರೆದ ಕಾಗದವೇ ಅಂಥವರ ನಿದ್ದೆ ಕೆಡಿಸುತ್ತಿದೆ ಎಂದರೆ, ನಾವು ಓದುವ ರೀತಿಯಲ್ಲಿ ಎಲ್ಲೋ ದಾರಿ ತಪ್ಪಿದೆ, ಅಲ್ವಾ?

ಬರೆದವನು ತನ್ನನ್ನು ಯೋಹಾನ ಎಂದು ಕರೆದುಕೊಳ್ಳುತ್ತಾನೆ. ಇದ್ದದ್ದು ಪತ್ಮೋಸ್‌ನಲ್ಲಿ. ಏಜಿಯನ್ ಸಮುದ್ರದ ಪುಟ್ಟ ದ್ವೀಪ ಅದು, ಬರೀ ಕಲ್ಲುಗುಡ್ಡ. ದೇವರ ವಾಕ್ಯದ ನಿಮಿತ್ತ, ಯೇಸುವಿನ ಸಾಕ್ಷಿಯ ನಿಮಿತ್ತ ಅಲ್ಲಿದ್ದೆ ಎನ್ನುತ್ತಾನೆ. ಎರಡನೇ ಶತಮಾನದ ಬಿಷಪ್ ಐರೇನಿಯಸ್ ಈ ದರ್ಶನ ಡೊಮಿಶಿಯನ್ ಚಕ್ರವರ್ತಿಯ ಆಳ್ವಿಕೆಯ ಕೊನೆಗೆ ಆದದ್ದು ಎಂದು ಬರೆದಿದ್ದಾನೆ. ಹಾಗಾದರೆ ಸುಮಾರು ಕ್ರಿ.ಶ. 95. ನೀರೋ ಚಕ್ರವರ್ತಿ ಸತ್ತ ಆಸುಪಾಸಿನಲ್ಲೇ, ಅಂದರೆ 68-69ರ ಹೊತ್ತಿಗೆ ಬರೆದದ್ದು ಎನ್ನುವ ವಿದ್ವಾಂಸರೂ ಇದ್ದಾರೆ. ಯಾವುದೇ ಇರಲಿ, ಮೇಲೆ ಕೂತಿದ್ದದ್ದು ರೋಮ್.

ವಿಳಾಸ ಎಷ್ಟು ಮುಖ್ಯ ಅನ್ನುವುದಕ್ಕೆ ಲವೊದಿಕೀಯವೇ ಸಾಕು. ನೀನು ಬಿಸಿಯೂ ಅಲ್ಲ, ತಣ್ಣಗೂ ಅಲ್ಲ, ಉಗುರುಬೆಚ್ಚಗಿದ್ದೀ, ಅದಕ್ಕೇ ಉಗಿದುಬಿಡುತ್ತೇನೆ ಎಂದು ಆ ಸಭೆಗೆ ಹೇಳಿಸಲಾಗಿದೆ. ಪ್ರಸಂಗಗಳಲ್ಲಿ ಇದನ್ನು ಭಕ್ತಿಯ ಬಿಸಿ ಎಂದು ವಿವರಿಸುವುದೇ ವಾಡಿಕೆ. ಹಾಗಿದ್ದರೆ ತಣ್ಣಗಾದರೂ ಇರು ಎಂದು ಕರ್ತನು ಯಾಕೆ ಹೇಳುತ್ತಾನೆ? ಆ ಊರಿನ ಸುತ್ತಮುತ್ತ ನೋಡಿದರೆ ಗೊತ್ತಾಗುತ್ತದೆ. ಸ್ವಲ್ಪ ದೂರದ ಹಿಯರಾಪೊಲಿಸ್‌ನಲ್ಲಿ ಬಿಸಿನೀರಿನ ಬುಗ್ಗೆಗಳಿದ್ದವು. ಇಂದಿಗೂ ಪ್ರವಾಸಿಗರು ಪಾಮುಕ್ಕಲೆಯ ಬಿಳಿ ಸುಣ್ಣದ ಮೆಟ್ಟಿಲುಗಳನ್ನು ನೋಡಲು ಹೋಗುತ್ತಾರಲ್ಲ, ಅದೇ ಜಾಗ. ಮೈನೋವಿನವರು ಅಲ್ಲಿ ಮಿಂದು ಬರುತ್ತಿದ್ದರು. ಇನ್ನೊಂದು ಕಡೆ ಕೊಲೊಸ್ಸೆಯಲ್ಲಿ ತಣ್ಣನೆಯ ಒಳ್ಳೇ ನೀರು. ಲವೊದಿಕೀಯಕ್ಕೆ ಮಾತ್ರ ಸ್ವಂತ ನೀರಿರಲಿಲ್ಲ. ದೂರದಿಂದ ಕೊಳವೆಯಲ್ಲಿ ತರಬೇಕಿತ್ತು. ಆ ಕಲ್ಲಿನ ಕೊಳವೆಗಳ ತುಂಡುಗಳು ಈಗಲೂ ಅಲ್ಲಿ ಬಿದ್ದಿವೆ. ಒಳಗೆಲ್ಲ ಸುಣ್ಣ ಗಟ್ಟಿಕಟ್ಟಿ ತೂತು ಕಿರಿದಾಗಿದೆ. ಬಿಸಿನೀರು ನೋವಿಗೆ, ತಣ್ಣೀರು ಬಾಯಾರಿಕೆಗೆ. ಈ ನೀರು ಯಾವುದಕ್ಕೆ?

ಅದೇ ಊರಿಗೆ, ನಾನು ಐಶ್ವರ್ಯವಂತ, ನನಗೇನೂ ಕಡಮೆಯಿಲ್ಲ ಅನ್ನುತ್ತೀಯಲ್ಲ ಎಂಬ ಚುಚ್ಚು ಮಾತೂ ಇದೆ. ಕ್ರಿ.ಶ. 60ರಲ್ಲಿ ಭೂಕಂಪವಾಗಿ ಲವೊದಿಕೀಯ ಕುಸಿದಾಗ, ರೋಮ್‌ನಿಂದ ಸಹಾಯ ಪಡೆಯದೆ ಆ ಊರಿನವರು ತಮ್ಮ ದುಡ್ಡಲ್ಲೇ ಕಟ್ಟಿಕೊಂಡರು ಎಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಕಪ್ಪು ಉಣ್ಣೆಗೆ ಹೆಸರಾದ ಊರಿಗೆ ಬಿಳಿ ಬಟ್ಟೆ ಕೊಂಡುಕೋ ಎನ್ನುತ್ತಾನೆ ಯೋಹಾನ. ಕೇಳುತ್ತಾ ಕೂತವರಿಗೆ ಒಂದೊಂದು ಮಾತೂ ನಾಟಿರಬೇಕು.

ಈ ಕಾಗದದ ಚಿತ್ರಗಳಿಗೆ ಎರಡು ಬೇರು. ಒಂದು ಆ ಬೀದಿ, ಆ ಊರು, ಆ ಚಕ್ರವರ್ತಿ. ಇನ್ನೊಂದು ಹಳೆಯ ಒಡಂಬಡಿಕೆ, ಅಂದರೆ ಯೇಸುವಿಗಿಂತ ಮುಂಚಿನ ಯೆಹೂದ್ಯರ ಧರ್ಮಗ್ರಂಥ. ಯೋಹಾನ ಹಳೆಯ ಒಡಂಬಡಿಕೆಯ ಹೆಸರು ಹೇಳಿ ಎಲ್ಲೂ ಉದ್ಧರಿಸುವುದಿಲ್ಲ. ಆದರೆ ಅದರ ನೆರಳಿಲ್ಲದ ಒಂದು ಪುಟವೂ ಇಲ್ಲ. ಸಮುದ್ರದಿಂದ ಏರಿ ಬರುವ ಮೃಗವನ್ನೇ ನೋಡಿ. ಮೈ ಚಿರತೆಯದು, ಕಾಲು ಕರಡಿಯದು, ಬಾಯಿ ಸಿಂಹದ್ದು. ಇದು ಹಳೆಯ ಒಡಂಬಡಿಕೆಯ ದಾನಿಯೇಲನ ಪುಸ್ತಕದ 7ನೇ ಅಧ್ಯಾಯ. ಅಲ್ಲಿ ಸಿಂಹ, ಕರಡಿ, ಚಿರತೆ, ಹೆಸರಿಲ್ಲದ ಇನ್ನೊಂದು ಭಯಂಕರ ಪ್ರಾಣಿ ಎಂದು ನಾಲ್ಕು ಮೃಗಗಳು ಒಂದರ ಹಿಂದೊಂದು ಬರುತ್ತವೆ. ಅವು ನಾಲ್ಕು ರಾಜ್ಯಗಳು. ಕ್ರಿ.ಪೂ. 167ರಲ್ಲಿ ಸಿರಿಯದ ಅರಸ ಅಂತಿಯೋಕ ಎಪಿಫನೇಸ್ ಯೆರೂಸಲೇಮಿನ ದೇವಾಲಯವನ್ನು ಹೊಲೆಮಾಡಿ ಯೆಹೂದ್ಯರನ್ನು ಹಿಂಸಿಸಿದಾಗ ಅವರನ್ನು ಹಿಡಿದು ನಿಲ್ಲಿಸಿದ್ದು ಈ ದರ್ಶನಗಳೇ. ಯೋಹಾನ ಆ ನಾಲ್ಕನ್ನೂ ಒಂದೇ ಮೈಗೆ ಸೇರಿಸಿಬಿಟ್ಟ. ಹಿಂದಿನ ಸಾಮ್ರಾಜ್ಯಗಳ ಕ್ರೌರ್ಯವೆಲ್ಲ ಈಗ ಒಂದರಲ್ಲೇ ಇದೆ ಎಂದು ಅವನು ವಿವರಿಸಿ ಹೇಳಬೇಕಿರಲಿಲ್ಲ. ದಾನಿಯೇಲನನ್ನು ಬಲ್ಲವರಿಗೆ ಆ ಒಂದು ಚಿತ್ರವೇ ಸಾಕಿತ್ತು. ಮೂರೂವರೆ ವರ್ಷ, 42 ತಿಂಗಳು, 1260 ದಿನ ಎಂಬ ಲೆಕ್ಕ ಬಂದದ್ದೂ ಅಲ್ಲಿಂದಲೇ. ಪೂರ್ಣತೆಯ ಸಂಖ್ಯೆ ಏಳು. ಅದರ ಅರ್ಧ ಮೂರೂವರೆ. ಹಿಂಸೆಗೆ ಪೂರ್ತಿ ಅವಧಿ ಸಿಗುವುದಿಲ್ಲ, ನಡುವೆಯೇ ಮುರಿದುಬೀಳುತ್ತದೆ ಎಂಬ ಭರವಸೆ ಅದರಲ್ಲಿದೆ.

ಇನ್ನು 666. ಆಗಿನ ಗ್ರೀಕರಿಗೂ ಯೆಹೂದ್ಯರಿಗೂ ಅಂಕಿಗಳಿಗೆ ಬೇರೆ ಗುರುತು ಇರಲಿಲ್ಲ, ಅಕ್ಷರಗಳೇ ಅಂಕಿಗಳು. ನಮ್ಮ ಕಟಪಯಾದಿಯಲ್ಲಿ 'ಧೀರ' ಎಂದರೆ 29 ಎಂದು ಸಂಗೀತ ಕಲಿತವರು ಶಂಕರಾಭರಣದ ಮೇಳಸಂಖ್ಯೆ ಹೇಳುತ್ತಾರಲ್ಲ, ಹಾಗೆ ಅವರು ಹೆಸರನ್ನು ಸಂಖ್ಯೆಯಾಗಿ ಬರೆಯುತ್ತಿದ್ದರು. ಪೊಂಪೇಯಿಯ ಗೋಡೆಯ ಮೇಲೆ ಯಾರೋ ಒಬ್ಬ, 545 ಎಂಬ ಸಂಖ್ಯೆಯವಳನ್ನು ಪ್ರೀತಿಸುತ್ತೇನೆ ಎಂದು ಗೀಚಿಟ್ಟಿದ್ದಾನೆ. ಹುಡುಗಿಯ ಹೆಸರು ಬಲ್ಲವರಿಗೆ ಮಾತ್ರ ಗುಟ್ಟು ಗೊತ್ತು. ಈಗ 'ನೆರೋನ್ ಕೈಸರ್', ಅಂದರೆ ನೀರೋ ಚಕ್ರವರ್ತಿ, ಎಂಬುದನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿ: 50, 200, 6, 50, ಆಮೇಲೆ 100, 60, 200. ಮೊತ್ತ 666. ಲ್ಯಾಟಿನ್ ರೀತಿಯಲ್ಲಿ 'ನೆರೋ' ಎಂದು ಬರೆದರೆ ಕೊನೆಯ ಅಕ್ಷರದ 50 ಬಿಟ್ಟುಹೋಗಿ 616 ಆಗುತ್ತದೆ. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ 666ರ ಜಾಗದಲ್ಲಿ 616 ಎಂದೇ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಪಪೈರಸ್ ತುಂಡು ಅಂಥದ್ದು. ಬೇರೆ ಯಾವ ಹೆಸರಿಗೂ ಎರಡು ಸಂಖ್ಯೆಗಳೂ ಇಷ್ಟು ಸಲೀಸಾಗಿ ಕೂರುವುದಿಲ್ಲ. ನೀರೋ ಸತ್ತ ಮೇಲೂ ಅವನು ಬದುಕಿದ್ದಾನೆ, ಸೈನ್ಯದೊಂದಿಗೆ ಮರಳಿ ಬರುತ್ತಾನೆ ಎಂಬ ಗಾಳಿಸುದ್ದಿ ಆ ಸೀಮೆಯಲ್ಲಿ ಹರಡಿತ್ತು. ನಾನೇ ನೀರೋ ಎಂದು ಹೇಳಿಕೊಂಡು ಬಂದ ಕಪಟಿಗಳೂ ಇದ್ದರು. ಮೃಗದ ಒಂದು ತಲೆಗೆ ಆಗಿದ್ದ ಸಾಯುವಂಥ ಗಾಯ ವಾಸಿಯಾಯಿತು ಎಂಬ ಮಾತಿನ ಹಿಂದೆ ಇದೂ ಇದೆ ಎನ್ನುವುದನ್ನು ನಾನು ಒಪ್ಪುತ್ತೇನೆ.

ಗುರುತು ಇಲ್ಲದವರು ಕೊಳ್ಳುವಂತಿಲ್ಲ, ಮಾರುವಂತಿಲ್ಲ ಎಂಬ ಮಾತಿಗೆ ಬರೋಣ. ಕೊಳ್ಳಲು, ಮಾರಲು ಕೈಯಲ್ಲಿ ಬೇಕಾದದ್ದು ನಾಣ್ಯ. ತಿಬೇರಿಯಸ್ ಚಕ್ರವರ್ತಿಯ ಬೆಳ್ಳಿ ದೆನಾರಿಯಸ್‌ನ ಒಂದು ಮಗ್ಗುಲಲ್ಲಿ ಅವನ ಮುಖ, ಸುತ್ತ 'ದೈವವಾದ ಆಗಸ್ಟಸನ ಮಗ' ಎಂಬ ಬರಹ. ಇನ್ನೊಂದು ಮಗ್ಗುಲಲ್ಲಿ ಕೂತಿರುವ ಒಬ್ಬ ಹೆಂಗಸು, ಪಕ್ಕದಲ್ಲಿ 'ಮಹಾಯಾಜಕ' ಎಂಬ ಅವನ ಬಿರುದು. ದಿನದ ಕೂಲಿ ಎಣಿಸುವಾಗಲೂ ಆ ಹೆಸರನ್ನು ಮುಟ್ಟದೆ ಗತಿಯಿಲ್ಲ. ಈ ನಾಣ್ಯವನ್ನು ನೋಡಲು ರೋಮ್‌ವರೆಗೆ ಹೋಗಬೇಕಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದಾಗ ತಿಬೇರಿಯಸನ ದೆನಾರಿಯಸ್ ಮಣ್ಣಿನಿಂದ ಎದ್ದು ಬಂತು. ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಯೋಹಾನ ಯಾವ ಪೇಟೆಯನ್ನು ಕಂಡು ಕಳವಳಪಟ್ಟನೋ ಅದರ ಒಂದು ತುದಿ ಶಾತವಾಹನರ ಕಾಲದ ಈ ನೆಲದವರೆಗೂ ಚಾಚಿತ್ತು.

ನಾಣ್ಯ ಮುಟ್ಟಿದವರೆಲ್ಲ ಕೆಟ್ಟರು ಎಂದು ಇದರ ಅರ್ಥವಲ್ಲ. ಆ ಊರುಗಳಲ್ಲಿ ಕಸುಬುದಾರರ ಸಂಘಗಳಿದ್ದವು. ಬಣ್ಣ ಹಾಕುವವರು, ನೇಯುವವರು, ಕಂಚಿನ ಕೆಲಸದವರು. ಸಂಘದ ಊಟವೆಂದರೆ ದೇವತೆಗೆ ನೈವೇದ್ಯ, ಚಕ್ರವರ್ತಿಗೆ ಧೂಪ. ಹೋಗದೆ ಕೂತರೆ ಗಿರಾಕಿ ಇಲ್ಲ. ಡೊಮಿಶಿಯನ್ ಕಾಲದಲ್ಲಿ ಎಫೆಸದ ನಡುವೆಯೇ ಚಕ್ರವರ್ತಿಗಳ ಗುಡಿ ಎದ್ದಿತು. ಸುಮಾರು 112ರಲ್ಲಿ ಬಿಥೂನ್ಯ ಪ್ರಾಂತದ ಅಧಿಕಾರಿ ಕಿರಿಯ ಪ್ಲಿನಿ ತನ್ನ ಚಕ್ರವರ್ತಿಗೆ ಬರೆದ ಪತ್ರ ಉಳಿದುಬಂದಿದೆ. ಕ್ರೈಸ್ತರೆಂದು ದೂರು ಬಂದವರ ಕೈಯಲ್ಲಿ ಚಕ್ರವರ್ತಿಯ ಪ್ರತಿಮೆಯ ಮುಂದೆ ಧೂಪ, ದ್ರಾಕ್ಷಾರಸ ಇಡಿಸಿ ಪರೀಕ್ಷೆ ಮಾಡಿದೆ ಎಂದು ಅದರಲ್ಲಿ ಅವನೇ ಹೇಳಿಕೊಂಡಿದ್ದಾನೆ. ಗುರುತು ಅಂದರೆ ಇದು. ಯಾರಿಗೆ ಅಡ್ಡಬೀಳುತ್ತೀ ಎಂಬ ಪ್ರಶ್ನೆ. ಗೊತ್ತಿಲ್ಲದೆ ಬೆರಳಿಗೆ ಅಂಟಿಬಿಡುವ ವಸ್ತುವಲ್ಲ. ಆ ಅಮ್ಮನಿಗೂ ನಾನು ಇದನ್ನೇ ಹೇಳಿದೆ.

ಆದರೆ ಸಾವಿರಾರು ಒಳ್ಳೆಯ ಮನಸ್ಸುಗಳನ್ನು ಸೆಳೆದದ್ದು ಇನ್ನೊಂದು ಪ್ರಶ್ನೆ: ಲೋಕದ ಅಂತ್ಯ ಯಾವಾಗ? ಇಟಲಿಯ ಸನ್ಯಾಸಿ ಯೋವಾಕಿಮ್ 12ನೇ ಶತಮಾನದಲ್ಲೇ 1260 ದಿನಗಳನ್ನು ವರ್ಷಗಳಾಗಿ ಎಣಿಸಿ ಹೊಸ ಯುಗವನ್ನು ಎದುರುನೋಡಿದ. 1534ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಊರನ್ನು ಹಿಡಿದವರು ಪ್ರಕಟನೆಯ ಕೊನೆಗೆ ಬರುವ ದೇವರ ಪಟ್ಟಣ, ಹೊಸ ಯೆರೂಸಲೇಮ್, ಇದೇ ಎಂದು ಸಾರಿದರು. ಮುಂದಿನ ವರ್ಷ ಅದು ರಕ್ತದಲ್ಲಿ ಮುಗಿಯಿತು. ಮುಂದಾಳುಗಳ ಹೆಣ ನೇತುಹಾಕಿದ ಮೂರು ಕಬ್ಬಿಣದ ಪಂಜರಗಳು ಅಲ್ಲಿನ ಚರ್ಚಿನ ಗೋಪುರದಲ್ಲಿ ಇವತ್ತಿಗೂ ತೂಗುತ್ತಿವೆ. ಐಸಾಕ್ ನ್ಯೂಟನ್ ಕೂಡ ದಾನಿಯೇಲ ಮತ್ತು ಪ್ರಕಟನೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ. ಆ ಬರಹ ಅವನು ಸತ್ತ ಮೇಲೆ 1733ರಲ್ಲಿ ಅಚ್ಚಾಯಿತು.

ಇವರೆಲ್ಲರಲ್ಲಿ ನನ್ನ ಮನಸ್ಸನ್ನು ಹೆಚ್ಚು ಕಲಕುವವನು ವಿಲಿಯಂ ಮಿಲ್ಲರ್. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಬ್ಬ ರೈತ. ಮೋಸಗಾರನಲ್ಲ. ವರ್ಷಗಟ್ಟಲೆ ವಚನಕ್ಕೆ ವಚನ ಹೊಂದಿಸುತ್ತಾ ಓದಿದವನು. ದಾನಿಯೇಲ 8:14ರಲ್ಲಿ 2300 ದಿನವಾದ ಮೇಲೆ ಪವಿತ್ರಾಲಯ ಶುದ್ಧವಾಗುವುದು ಎಂದಿದೆ. ಪವಿತ್ರಾಲಯ ಎಂದರೆ ಈ ಭೂಮಿ, ಕ್ರಿಸ್ತನು ಮರಳಿ ಬಂದು ಅದನ್ನು ಶುದ್ಧಮಾಡುವನು ಎಂದುಕೊಂಡ. ಯೆಹೆಜ್ಕೇಲ 4:6ರ ಆಧಾರದಲ್ಲಿ ಒಂದು ದಿನಕ್ಕೆ ಒಂದು ವರ್ಷ ಎಂದಿಟ್ಟುಕೊಂಡ. ಯೆರೂಸಲೇಮಿನ ಬಗ್ಗೆ ಪರ್ಷಿಯದ ಅರಸನ ಆಜ್ಞೆ ಹೊರಟ ಕ್ರಿ.ಪೂ. 457ರಿಂದ ಎಣಿಸಿದ. 2300ರಲ್ಲಿ 457 ಕಳೆದರೆ 1843. ಸೊನ್ನೆ ಎಂಬ ವರ್ಷ ಇಲ್ಲದ್ದರಿಂದ ಒಂದು ಕೂಡಿಸಬೇಕು, 1844. ಅನುಯಾಯಿಗಳು ಯೆಹೂದ್ಯರ ದೋಷಪರಿಹಾರಕ ದಿನವನ್ನು ಲೆಕ್ಕಹಾಕಿ ಅಕ್ಟೋಬರ್ 22 ಎಂದು ತಾರೀಖನ್ನೂ ಗೊತ್ತುಮಾಡಿದರು. ಕೂಡುವ ಕಳೆಯುವ ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟವರಿದ್ದರು, ಸಾಲವೆಲ್ಲ ತೀರಿಸಿದವರಿದ್ದರು. ರಾತ್ರಿ ಹನ್ನೆರಡು ಹೊಡೆಯಿತು, ಬೆಳಗಾಯಿತು. ಆ ಜನ ಅತ್ತರು. ಮಿಲ್ಲರ್ 1849ರಲ್ಲಿ ತೀರಿಕೊಂಡ, ಕಾಯುತ್ತಲೇ. ಕಾದವರಲ್ಲಿ ಒಂದು ಗುಂಪು ಮುಂದೆ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆಯಾಗಿ ಬೆಳೆಯಿತು.

ಅವನ ಹಂಬಲ ಸುಳ್ಳಾಗಿರಲಿಲ್ಲ. ಕ್ರಿಸ್ತನ ಎರಡನೇ ಬರೋಣವನ್ನು ನಾನೂ ನಂಬುತ್ತೇನೆ, ಅದಕ್ಕಾಗಿ ಪ್ರಾರ್ಥಿಸುತ್ತೇನೆ. ಆದರೆ ಮಿಲ್ಲರ್ ಆ ಸಂಖ್ಯೆಗಳನ್ನು ಅವುಗಳ ಊರಿನಿಂದ ಎತ್ತಿ ತನ್ನ ಗೋಡೆಯ ಕ್ಯಾಲೆಂಡರಿಗೆ ತಂದ. ದಾನಿಯೇಲನ ಮೊದಲ ಕೇಳುಗರಿಗೆ ಆ 2300 ಎಂದರೆ ತಮ್ಮ ಕಣ್ಣೆದುರು ಹೊಲೆಯಾದ ದೇವಾಲಯ, ನಿಂತುಹೋದ ಬೆಳಗಿನ ಬೈಗಿನ ಬಲಿ. ಆ ನೋವನ್ನು ದಾಟಿಕೊಂಡು ಬರದೆ ನೇರವಾಗಿ ನಮ್ಮ ತಾರೀಖಿಗೆ ಹಾರುವುದು ಆ ಜನರಿಗೆ ಮಾಡುವ ಅನ್ಯಾಯ ಎಂದೇ ನನಗೆ ಅನ್ನಿಸುತ್ತದೆ.

ಹಳೆಯ ಸಭೆಯೂ ಈ ಪುಸ್ತಕದ ಮುಂದೆ ತಡವರಿಸಿದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳ ಆರಾಧನೆಯಲ್ಲಿ ಇದರ ಪಾಠ ಓದುವ ಕ್ರಮ ಇಲ್ಲ. ಜರ್ಮನಿಯ ಸುಧಾರಕ ಲೂಥರ್ 1522ರ ತನ್ನ ಮುನ್ನುಡಿಯಲ್ಲಿ ಇದು ತನ್ನ ಮನಸ್ಸಿಗೆ ಒಗ್ಗುವುದಿಲ್ಲ ಎಂದೇ ಬರೆದ. ಅಗಸ್ಟೀನ್ 20ನೇ ಅಧ್ಯಾಯದಲ್ಲಿ ಬರುವ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯನ್ನು ಸಭೆಯ ಕಾಲ ಎಂದು ಓದಿದ. ನಮ್ಮ ಕಡೆಯ ಅನೇಕ ಸಭೆಗಳಲ್ಲಿ ಕೇಳಿಬರುವುದು 19ನೇ ಶತಮಾನದ ಜಾನ್ ನೆಲ್ಸನ್ ಡಾರ್ಬಿಯ ಕ್ರಮ: ಮೊದಲು ಭಕ್ತರು ಆಕಾಶಕ್ಕೆ ಎತ್ತಲ್ಪಡುತ್ತಾರೆ, ಆಮೇಲೆ ಏಳು ವರ್ಷದ ಮಹಾಸಂಕಟ. 1909ರಲ್ಲಿ ಬಂದ ಸ್ಕೋಫೀಲ್ಡ್ ಸತ್ಯವೇದದ ಅಡಿಟಿಪ್ಪಣಿಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಆ ನಂಬಿಕೆಯವರು ನನ್ನ ಬಳಗದಲ್ಲೇ ಜಾಸ್ತಿ. ಅವರ ಭಕ್ತಿ ದೊಡ್ಡದು. ಆದರೂ ನಾಲ್ಕರಿಂದ ಹತ್ತೊಂಬತ್ತನೇ ಅಧ್ಯಾಯದವರೆಗೆ ಎಲ್ಲವೂ ಮುಂದಿನದೇ ಆದರೆ, ಆ ಏಳು ಊರಿನವರು ಏನು ಕೇಳಿಸಿಕೊಂಡರು ಎಂದು ಅವರನ್ನು ಕೇಳುತ್ತಲೇ ಇರುತ್ತೇನೆ.

ಸಂಕೇತ ಓದುವುದನ್ನು ಯೋಹಾನನೇ ಕಲಿಸುತ್ತಾನೆ. ಐದನೇ ಅಧ್ಯಾಯ ನೋಡಿ. ಯೂದ ಕುಲದ ಸಿಂಹ ಗೆದ್ದಿದ್ದಾನೆ ಎಂಬ ಮಾತು ಅವನ ಕಿವಿಗೆ ಬೀಳುತ್ತದೆ. ತಿರುಗಿ ನೋಡಿದರೆ ಸಿಂಹವಿಲ್ಲ. ಕೊಯ್ದ ಗಾಯ ಹೊತ್ತ ಕುರಿಮರಿ, ಅಂದರೆ ಕ್ರಿಸ್ತ, ನಿಂತಿದೆ. ಏಳನೆಯದರಲ್ಲೂ ಹಾಗೆಯೇ. ಕಿವಿಗೆ ಕೇಳಿದ್ದು ಇಸ್ರಾಯೇಲಿನ ಕುಲಗಳ 1,44,000. ಕಣ್ಣಿಗೆ ಕಂಡದ್ದು ಯಾರಿಗೂ ಎಣಿಸಲಾಗದ, ಎಲ್ಲ ಜನಾಂಗ ಎಲ್ಲ ಭಾಷೆಯ ಗುಂಪು. ಕೇಳಿದ್ದಕ್ಕೆ ಅರ್ಥ ಕೊಡುವುದು ಕಂಡದ್ದು. ಇದು ಹಿಡಿತಕ್ಕೆ ಸಿಕ್ಕಿದರೆ ಮುಂದಿನ ಯುದ್ಧದ ಚಿತ್ರಗಳೂ ಬೇರೆಯಾಗಿ ಕಾಣುತ್ತವೆ. ಸಿಂಹ ಗೆದ್ದದ್ದು ಕೊಂದು ಅಲ್ಲ, ಕೊಲ್ಲಿಸಿಕೊಂಡು. 19ನೇ ಅಧ್ಯಾಯದಲ್ಲಿ ಬಿಳಿ ಕುದುರೆ ಏರಿ ಬರುವವನ ನಿಲುವಂಗಿ ಯುದ್ಧ ಶುರುವಾಗುವ ಮೊದಲೇ ರಕ್ತದಲ್ಲಿ ಅದ್ದಿರುತ್ತದೆ. ಅದು ಅವನದೇ ರಕ್ತ ಎಂದು ಓದುವವರ ಜೊತೆ ನಾನಿದ್ದೇನೆ.

ಇಡೀ ಪುಸ್ತಕದಲ್ಲಿ ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು 18ನೇ ಅಧ್ಯಾಯದಲ್ಲಿ. ಬಾಬೆಲ್ ಬಿದ್ದಿದೆ. 17ನೇ ಅಧ್ಯಾಯದಲ್ಲಿ ಬಾಬೆಲ್ ಎಂಬ ಹೆಸರು ಹೊತ್ತು ಏಳು ಬೆಟ್ಟಗಳ ಮೇಲೆ ಕೂತ ಹೆಂಗಸು ರೋಮ್ ಎಂದು ಕೇಳುಗರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ವೆಸ್ಪಾಸಿಯನ್ ಕ್ರಿ.ಶ. 71ರಲ್ಲಿ ಹೊರಡಿಸಿದ ನಾಣ್ಯದಲ್ಲಿ ರೋಮಾ ದೇವತೆ ಏಳು ಬೆಟ್ಟಗಳ ಮೇಲೆಯೇ ಒರಗಿದ್ದಾಳೆ. ಯೋಹಾನನ ಬಾಬೆಲ್ ಬಿದ್ದಾಗ ಅಳುವವರು ಯಾರು? ಭೂರಾಜರು, ಅವರ ಜೊತೆ ವರ್ತಕರು. ನಮ್ಮ ಸರಕು ಇನ್ನು ಕೊಳ್ಳುವವರಿಲ್ಲವಲ್ಲ ಎಂದು ವರ್ತಕರು ಅಳುತ್ತಾರೆ. ಆಗ ಸರಕಿನ ಪಟ್ಟಿ ಬರುತ್ತದೆ. ಚಿನ್ನ, ಬೆಳ್ಳಿ, ರತ್ನ, ಮುತ್ತು, ನಯವಾದ ನಾರುಮಡಿ, ರೇಷ್ಮೆ, ದಂತದ ಸಾಮಾನು, ಕಬ್ಬಿಣ, ಅಮೃತಶಿಲೆ, ದಾಲ್ಚಿನ್ನಿ, ಧೂಪ, ದ್ರಾಕ್ಷಾರಸ, ಎಣ್ಣೆ, ಗೋಧಿ, ದನ, ಕುರಿ, ಕುದುರೆ, ರಥ. ಮುತ್ತು, ದಂತ, ಮಸಾಲೆಗಳಲ್ಲಿ ಎಷ್ಟೋ ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿ ಮತ್ತು ತಮಿಳು ಸೀಮೆಯ ರೇವುಗಳಿಂದ. ಪ್ರತಿ ವರ್ಷ ಐದು ಕೋಟಿ ಸೆಸ್ಟರ್ಸ್ ಹಣವನ್ನು ಇಂಡಿಯಾ ಹೀರಿಕೊಳ್ಳುತ್ತದೆ ಎಂದು ರೋಮ್‌ನ ಹಿರಿಯ ಪ್ಲಿನಿ ಗೊಣಗಿದ್ದಾನೆ. ಯೋಹಾನನ ಪಟ್ಟಿಯನ್ನು ಪೂರ್ತಿ ಎಣಿಸಿದರೆ 28 ಸರಕು. ಕೊನೆಯದು, ಕುದುರೆ ರಥಗಳ ಆಚೆಗೆ, ಮನುಷ್ಯರ ದೇಹಗಳು, ಮನುಷ್ಯರ ಪ್ರಾಣಗಳು. ಗುಲಾಮರು.

ಪಟ್ಟಿಯ ಮಾದರಿಯನ್ನು ಯೋಹಾನ ಯೆಹೆಜ್ಕೇಲ 27ರಿಂದ, ತೂರ್ ಪಟ್ಟಣದ ವ್ಯಾಪಾರದ ವರ್ಣನೆಯಿಂದ ತೆಗೆದುಕೊಂಡಿದ್ದಾನೆ. ಅಲ್ಲೂ ಮನುಷ್ಯರ ಮಾರಾಟ ಇದೆ, ಆದರೆ ನಡುವೆ ಎಲ್ಲೋ ಸೇರಿಹೋಗಿದೆ. ಯೋಹಾನ ಅದನ್ನು ಎತ್ತಿ ಕೊನೆಗೆ ಇಟ್ಟ. ಗಟ್ಟಿಯಾಗಿ ಓದಿದಾಗ ಅಲ್ಲಿ ದನಿ ತಾನಾಗಿ ನಿಲ್ಲುತ್ತದೆ. ಎಫೆಸದ ಸಂತೆಯಲ್ಲಿ ಗುಲಾಮರ ವ್ಯಾಪಾರ ನಡೆಯುತ್ತಿತ್ತು. ಆ ಸಭೆಗಳಲ್ಲಿ ಗುಲಾಮರೂ ಕೂತಿದ್ದರು. ತಮ್ಮ ಹೆಸರು ಸರಕಿನ ಪಟ್ಟಿಯಲ್ಲಿ ಬಂದದ್ದನ್ನೂ, ಆ ಪಟ್ಟಿಗೆ ಪರಲೋಕದಿಂದ ತೀರ್ಪು ಬಂದದ್ದನ್ನೂ ಅವರು ಒಂದೇ ಹೊತ್ತಿನಲ್ಲಿ ಕೇಳಿಸಿಕೊಂಡರು. ಅಂತ್ಯಕಾಲದ ಪ್ರವಾದನೆ ಎಂದರೆ ನನಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಈ ತಿಂಗಳು ನಮ್ಮ ಗುಂಪು 21ನೇ ಅಧ್ಯಾಯದಲ್ಲಿದೆ. ಅಲ್ಲಿ ಒಂದು ತೊಡಕು ಎದ್ದಿದೆ. ಭೂರಾಜರು 18ರಲ್ಲಿ ಬಾಬೆಲಿಗಾಗಿ ಅಳುತ್ತಾರೆ. 19ರಲ್ಲಿ ಮೃಗದ ಜೊತೆ ಸೇರಿ ಯುದ್ಧಕ್ಕೆ ನಿಂತು ಹತರಾಗುತ್ತಾರೆ. 21:24ಕ್ಕೆ ಬಂದರೆ ಅದೇ ಭೂರಾಜರು ತಮ್ಮ ವೈಭವವನ್ನು ಹೊಸ ಯೆರೂಸಲೇಮಿನೊಳಗೆ ತರುತ್ತಾರೆ. ಬೇರೆ ರಾಜರಿರಬೇಕು ಎಂದು ಕೆಲವರು. ನನಗೆ ಹಾಗನ್ನಿಸುವುದಿಲ್ಲ. ಯೋಹಾನ ಇಲ್ಲಿ ಯೆಶಾಯನ 60ನೇ ಅಧ್ಯಾಯವನ್ನು ಎದುರಿಗಿಟ್ಟುಕೊಂಡಿದ್ದಾನೆ. ಅಲ್ಲೂ ಬಾಗಿಲು ಹಗಲಿರುಳು ತೆರೆದೇ ಇರುತ್ತದೆ, ಜನಾಂಗಗಳ ಸಂಪತ್ತು ಹಡಗಿನಲ್ಲಿ ಬರುತ್ತದೆ, ಸಿಯೋನನ್ನು, ಅಂದರೆ ಯೆರೂಸಲೇಮನ್ನು, ಕುಗ್ಗಿಸಿದವರ ಮಕ್ಕಳೇ ಬಂದು ಬಾಗುತ್ತಾರೆ. ಬಾಬೆಲಿನ ಪಟ್ಟಿಯಲ್ಲಿ ಮೊದಲು ಬಂದ ಚಿನ್ನ, ಮುತ್ತು, ರತ್ನಗಳೂ ಇಲ್ಲಿವೆ. ಚಿನ್ನ ಬೀದಿಗೆ ಹಾಸಿದೆ, ಮುತ್ತು ಬಾಗಿಲಾಗಿದೆ, ರತ್ನ ಗೋಡೆಯ ಬುಡದಲ್ಲಿದೆ. ಮಾರಾಟಕ್ಕೆ ಮಾತ್ರ ಏನೂ ಇಲ್ಲ. 22:17ರಲ್ಲಿ ಜೀವಜಲವನ್ನೂ ಕ್ರಯವಿಲ್ಲದೆ ತೆಗೆದುಕೊಳ್ಳಲಿ ಎನ್ನುತ್ತಾನೆ. ರಾಜರು ಹೇಗೆ ಒಳಗೆ ಬಂದರು ಎಂಬುದಕ್ಕೆ ಉತ್ತರ 15ನೇ ಅಧ್ಯಾಯದ ಕುರಿಮರಿಯ ಹಾಡಿನಲ್ಲಿ ಇರಬಹುದು ಎಂದು ನಮ್ಮ ಗುಂಪಿನ ಒಬ್ಬ ತಂಗಿ ಸೂಚಿಸಿದ್ದಾಳೆ. ಎಲ್ಲ ಜನಾಂಗಗಳೂ ಬಂದು ನಿನ್ನ ಮುಂದೆ ನಮಸ್ಕರಿಸುವರು ಎಂದು ಅಲ್ಲಿದೆ. ಮುಂದಿನ ಭಾನುವಾರ ಆರಾಧನೆಯ ನಂತರ ಆ ಹಾಡನ್ನೂ ಯೆಶಾಯ 60ನ್ನೂ ಅಕ್ಕಪಕ್ಕ ಇಟ್ಟು ಓದುತ್ತೇವೆ.